ಖಾಲಿ ಕಾಗದದ ಮೇಲಿನ ಮೊಹರು

ಮನುಷ್ಯನಿಗೆ ಮನುಷ್ಯನ ಮಾತಿನಲ್ಲಿರುವ ನಂಬಿಕೆಗಿಂತ ಮುದ್ರೆಯಲ್ಲಿರುವ ನಂಬಿಕೆ ದೊಡ್ಡದು. ಹೆತ್ತ ಮಗನೇ ಎದುರಿಗೆ ನಿಂತು ಪರೀಕ್ಷೆಯಲ್ಲಿ ತೇರ್ಗಡೆಯಾದೆನೆಂದು ಹೇಳಿದರೆ ತಂದೆಯಾದವನು ಹುಬ್ಬು ಗಂಟಿಕ್ಕುತ್ತಾನೆ. ಅದೇ ಮಾತು ಒಂದು ಹಾಳೆಯ ಮೇಲೆ ಇದ್ದು, ಅದರ ಕೆಳಗೆ ನೀಲಿ ಮಸಿಯ ದುಂಡು ಮುದ್ರೆಯೊಂದು ಅರ್ಧ ಮೂಡಿ ಅರ್ಧ ಅಳಿಸಿದ್ದರೂ ಸರಿಯೆ, ಹುಬ್ಬಿನ ಗಂಟು ಸಡಿಲುತ್ತದೆ. ಪಿಂಚಣಿ ಪಡೆಯುವ ವೃದ್ಧರು ತಾವು ಇನ್ನೂ ಬದುಕಿದ್ದೇವೆಂಬ ಸಂಗತಿಯನ್ನು ವರ್ಷಕ್ಕೊಮ್ಮೆ ಪ್ರಮಾಣಪತ್ರದ ಮೂಲಕವೇ ಸಾಧಿಸಬೇಕು; ಬರಿಯ ಉಸಿರಾಟ ಅದಕ್ಕೆ ಸಾಲದು. ಬೀದರಿನ ಸೀಮೆಯ ಜನ ಮುದ್ರೆಯನ್ನು ಶಿಕ್ಕಾ ಎನ್ನುತ್ತಾರೆ. ಶಿಕ್ಕಾ ಬಿದ್ದ ಕಾಗದ ಪಕ್ಕಾ ಕಾಗದ. ಬೀಳದ್ದು ಬರಿಯ ಹಾಳೆ.

ಆದರೆ ಮುದ್ರೆ ಹೇಳುವುದಾದರೂ ಏನು? 'ಈ ಹಾಳೆ ಒಂದು ಸಲ ನನ್ನ ಕೆಳಗೆ ಬಂದಿತ್ತು' ಎಂಬಷ್ಟನ್ನೇ. ಮೇಲೆ ಬರೆದ ಮಾತಿಗೂ ಕೆಳಗೆ ಬಿದ್ದ ಮೊಹರಿಗೂ ಯಾವ ರಕ್ತಸಂಬಂಧವೂ ಇಲ್ಲ. ಮಾತು ಮೊದಲು ಬಂದು ಮೊಹರು ಆಮೇಲೆ ಬಿದ್ದಿತೋ, ಮೊಹರು ಮೊದಲು ಬಿದ್ದು ಮಾತು ಆಮೇಲೆ ಬಂದು ಕುಳಿತಿತೋ, ಹಾಳೆಯನ್ನು ನೋಡಿ ಹೇಳುವುದು ಕಷ್ಟ. ಇದು ಅಲ್ಪ ಸಂಗತಿಯೆಂದು ತೋರಬಹುದು. ಬೀದರ್ ನಗರ ಇದನ್ನು ಕಲಿತದ್ದು ಒಂದು ತಲೆಯ ಬೆಲೆಗೆ. ಆ ತಲೆಯ ಹಿಂದೆಯೇ ಒಂದು ರಾಜ್ಯವೂ ಹೋಯಿತು.

ಮಹಮೂದ್ ಗವಾನನ ಹೆಸರು ಬೀದರಿನಲ್ಲಿ ಮಕ್ಕಳಿಗೂ ಗೊತ್ತು. ಪರ್ಷಿಯದ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ೧೪೫೩ರಲ್ಲಿ ಈ ಊರಿಗೆ ಬಂದ ಆತ ಬಹಮನಿ ಸುಲ್ತಾನರ ಸೇವೆಗೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ಮೂರನೆಯ ಮುಹಮ್ಮದ್ ಷಾನ ಕಾಲಕ್ಕೆ ರಾಜ್ಯದ ಪ್ರಧಾನಮಂತ್ರಿಯಾದನು. ೧೪೭೨ರಲ್ಲಿ ಆತ ಕಟ್ಟಿಸಿದ ಮದರಸಾ ಇಂದಿಗೂ ಊರಿನ ನಡುವೆ ನಿಂತಿದೆ. ಮುಂದೆ ಮೊಗಲರ ಕಾಲದಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಪಾರ್ಶ್ವ ಕುಸಿದುಹೋಯಿತು. ಎರಡರಲ್ಲಿ ಒಂದು ಮಿನಾರು ಉಳಿಯಿತು. ಅದರ ಮೈಮೇಲೆ ಬಣ್ಣದ ಬಿಲ್ಲೆಗಳು ಅಲ್ಲಲ್ಲಿ ಇನ್ನೂ ಹೊಳೆಯುತ್ತವೆ. ಅಲ್ಲಿದ್ದ ಗ್ರಂಥಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಹೇಳುತ್ತಾರೆ. ಗವಾನನು ಸ್ವತಃ ಪತ್ರಲೇಖನದಲ್ಲಿ ನಿಪುಣ. ಆತನ ಪತ್ರಗಳ ಸಂಗ್ರಹ 'ರಿಯಾಜ್-ಉಲ್-ಇನ್ಷಾ' ಎಂಬ ಹೆಸರಿನಿಂದ ಇಂದಿಗೂ ವಿದ್ವಾಂಸರ ಕೈಯಲ್ಲಿದೆ. ಅಂಥವನ ಪ್ರಾಣವನ್ನು ತೆಗೆದದ್ದು ಒಂದು ಪತ್ರ. ಅದೂ ಅವನು ಬರೆಯದ ಪತ್ರ.

ಗವಾನನು ಪ್ರಾಂತಗಳನ್ನು ಒಡೆದು ಚಿಕ್ಕದು ಮಾಡಿ, ಪ್ರಾಂತಾಧಿಕಾರಿಗಳ ಕೈಯಲ್ಲಿದ್ದ ಕೋಟೆಗಳನ್ನು ತೆಗೆದುಕೊಂಡು, ಸರದಾರರಿಗೆ ಬೇಡವಾದವನಾಗಿದ್ದನು. ಅವರು ಅವನ ಮೊಹರನ್ನು ಇಟ್ಟುಕೊಂಡಿದ್ದ ಸೇವಕನನ್ನು ಹಿಡಿದರು. ಕಾಣಿಕೆ ಕೊಟ್ಟರು, ಕುಡಿಸಿದರು. ಮಡಿಸಿದ ಹಾಳೆಯೊಂದನ್ನು ಮುಂದಿಟ್ಟು, ಯಾರೋ ಸ್ನೇಹಿತನ ಲೆಕ್ಕದ ಕಾಗದವೆಂದು ನಂಬಿಸಿ, ಮೊಹರು ಒತ್ತಿಸಿಕೊಂಡರು. ಹಾಳೆ ಖಾಲಿಯಾಗಿತ್ತು. ಆಮೇಲೆ ಅದರಲ್ಲಿ ಒರಿಸ್ಸಾದ ಅರಸನಿಗೆ ದಂಡೆತ್ತಿ ಬರುವಂತೆ ಆಹ್ವಾನ ಬರೆಯುವುದು ಯಾವ ಕಷ್ಟದ ಕೆಲಸ? ಪತ್ರ ಸುಲ್ತಾನನ ಕೈ ಸೇರಿತು. ಒಂದು ಶತಮಾನದ ಮೇಲೆ ಈ ಕಥೆಯನ್ನು ಬರೆದ ಇತಿಹಾಸಕಾರ ಫಿರಿಶ್ತಾ ಹೇಳುವ ಪ್ರಕಾರ, ಪತ್ರವನ್ನು ತೋರಿಸಿದಾಗ ಗವಾನನು ಮೊಹರು ತನ್ನದೇ ಎಂದು ಒಪ್ಪಿಕೊಂಡನು. ಬರಹ ಮಾತ್ರ ತನಗೆ ತಿಳಿಯದೆಂದನು. ೧೪೮೧ರ ಏಪ್ರಿಲ್ ೫ರಂದು, ದೂರದ ದಂಡಿನ ಪಾಳೆಯದಲ್ಲಿ, ಸುಮಾರು ಎಪ್ಪತ್ತು ವರ್ಷದ ಆ ವೃದ್ಧನ ಶಿರಚ್ಛೇದವಾಯಿತು. ತಪ್ಪು ತಿಳಿದ ಮೇಲೆ ಸುಲ್ತಾನನು ಕೊರಗಿದನಂತೆ, ಮರುವರ್ಷವೇ ತೀರಿಕೊಂಡನು. ಮುಂದೆ ಬಹಮನಿ ರಾಜ್ಯ ಐದು ತುಂಡಾದುದು ಶಾಲೆಯ ಪುಸ್ತಕದಲ್ಲಿಯೇ ಇದೆ.

ಈ ದುರಂತದಲ್ಲಿ ಮೊಹರು ನಕಲಿಯಲ್ಲ, ಅಪ್ಪಟವಾದದ್ದು. ದೋಷವಿದ್ದದ್ದು ಎರಡೇ ಕಡೆ. ಮೊಹರಿಗೂ ಮಾತಿಗೂ ಗಂಟು ಇರಲಿಲ್ಲ. ಮೊಹರನ್ನು ಕಾಯುವವನು ಎಚ್ಚರವಾಗಿರಲಿಲ್ಲ. ಮೊದಲನೆಯ ದೋಷಕ್ಕೆ ಪರಿಹಾರ ದೊರೆಯಲು ಸುಮಾರು ಐನೂರು ವರ್ಷ ಹಿಡಿಯಿತು. ಎರಡನೆಯದಕ್ಕೆ ಇನ್ನೂ ದೊರೆತಿಲ್ಲ.

ಐನೂರು ವರ್ಷದ ಮೇಲೆ ದೊರೆತ ಆ ಪರಿಹಾರದ ಹೆಸರು ಡಿಜಿಟಲ್ ಸಹಿ. ಹೆಸರು ಕೇಳಿದೊಡನೆ ಪೇಟೆಯ ಗೃಹಸ್ಥರು ಅದೇನೋ ಇಂಜಿನಿಯರುಗಳ ವ್ಯವಹಾರವೆಂದು ಪುಟ ತಿರುವುವುದುಂಟು. ಆದರೆ ತಿಂಗಳ ಸಂಬಳ ಬ್ಯಾಂಕಿಗೆ ಬಂದು ಬೀಳುವಾಗ, ತರಕಾರಿಯವಳಿಗೆ ಫೋನಿನಿಂದಲೇ ಹಣ ಸಲ್ಲುವಾಗ, ಬೆಂಗಳೂರಿನಲ್ಲಿ ಓದುತ್ತಿರುವ ಮಗಳಿಗೆ ತಾಯಿ ಬರೆದ ನಾಲ್ಕು ಸಾಲು ಕಣ್ಣು ಮಿಟುಕಿಸುವುದರೊಳಗೆ ತಲಪುವಾಗ, ಹಿನ್ನೆಲೆಯಲ್ಲಿ ದುಡಿಯುವುದು ಈ ಶಾಸ್ತ್ರವೇ. ಜಾಲತಾಣದ ವಿಳಾಸ 'ಎಚ್‌ಟಿಟಿಪಿಎಸ್' ಎಂದು ಮೊದಲಾದರೆ, ಕಡೆಯ ಆ 'ಎಸ್' ಅಕ್ಷರ ಹೇಳುವುದು ಇದನ್ನೇ: ಇಲ್ಲಿ ಮಾತು ಗೂಢಲಿಪಿಯಲ್ಲಿ ಸಾಗುತ್ತದೆ, ಎದುರಿನವನ ಮೊಹರನ್ನು ಪರೀಕ್ಷಿಸಿಯಾಗಿದೆ.

ಇದರ ಬುಡದಲ್ಲಿರುವುದು ಶಾಲೆಯ ಹುಡುಗನಿಗೂ ನಿಲುಕುವ ಒಂದು ಲೆಕ್ಕ. ೮೩ನ್ನು ೯೭ರಿಂದ ಗುಣಿಸು ಎಂದರೆ ಹುಡುಗ ಪಾಟಿಯ ಮೇಲೆ ಗೀಚಿ ೮೦೫೧ ಎಂದು ಹೇಳುತ್ತಾನೆ. ೮೦೫೧ ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ಸಾಯಂಕಾಲದವರೆಗೆ ತಲೆ ಕೆರೆದುಕೊಳ್ಳುತ್ತಾನೆ. ಹೋಗುವ ದಾರಿ ಇಳಿಜಾರು, ಬರುವ ದಾರಿ ಕಡಿದಾದ ಬೆಟ್ಟ. ಸಂಖ್ಯೆ ನಾಲ್ಕಂಕಿಯದಾಗದೆ ಆರುನೂರು ಅಂಕಿಗಳಿಗೂ ಮೀರಿದ್ದಾದರೆ, ಜಗತ್ತಿನ ಗಣಕಯಂತ್ರಗಳೆಲ್ಲ ಸೇರಿದರೂ ಆ ಬೆಟ್ಟವನ್ನು ಹತ್ತಲಾರವು. ಅಮೆರಿಕೆಯ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬವರು ೧೯೭೬ರಲ್ಲಿ ಎರಡು ಕೀಲಿಕೈಗಳ ಬೀಗವೊಂದು ಸಾಧ್ಯವೆಂದು ತೋರಿಸಿಕೊಟ್ಟರು: ಒಂದು ಕೀಲಿಕೈ ಗುಟ್ಟಿನದು, ಒಡೆಯನ ಬಳಿಯೇ ಇರುವುದು, ಇನ್ನೊಂದು ಬಹಿರಂಗದ್ದು, ಊರಿಗೆಲ್ಲ ಹಂಚಬಹುದಾದದ್ದು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅದಕ್ಕೆ ಮೇಲಿನ ಗುಣಾಕಾರದ ಲೆಕ್ಕವನ್ನೇ ಹೊಂದಿಸಿದರು.

ಈ ಕೀಲಿಕೈಯಿಂದ ಮೊಹರು ಒತ್ತುವ ಬಗೆ ಹೀಗೆ. ಪತ್ರ ಒಂದೇ ಸಾಲಿನದಾಗಲಿ, ಸಾವಿರ ಪುಟದ್ದಾಗಲಿ, ಗಣಕಯಂತ್ರ ಅದನ್ನು ಕುದಿಸಿ ಬತ್ತಿಸಿ ಒಂದೇ ಅಳತೆಯ ಒಂದು ಸಂಖ್ಯೆಯ ಪಾಕಕ್ಕೆ ಇಳಿಸುತ್ತದೆ. ಪತ್ರದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಪಾಕದ ರುಚಿಯೇ ಬೇರೆ. ಆ ಪಾಕದ ಮೇಲೆ ಗುಟ್ಟಿನ ಕೀಲಿಕೈ ಆಡಿದಾಗ ಹುಟ್ಟುವುದೇ ಸಹಿ. ಬಹಿರಂಗದ ಕೀಲಿಕೈ ಇರುವ ಯಾರು ಬೇಕಾದರೂ ಸಹಿ ನಿಜವೇ, ಪತ್ರ ಬದಲಾಗಿದೆಯೇ ಎಂದು ಪರೀಕ್ಷಿಸಬಹುದು. ಇಲ್ಲಿ ಮೊಹರು ಹುಟ್ಟುವುದು ಮಾತಿನ ಹೊಟ್ಟೆಯಿಂದಲೇ. ಖಾಲಿ ಹಾಳೆಗೆ ಒತ್ತಿಸಿಕೊಂಡ ಮೊಹರು ಖಾಲಿ ಹಾಳೆಗೇ ಸಲ್ಲುತ್ತದೆ. ಅದರ ಮೇಲೆ ಒಂದಕ್ಷರ ಬರೆದೊಡನೆ ಸುಳ್ಳಾಗುತ್ತದೆ. ಒಂದು ಪತ್ರದ ಮೊಹರನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಲಾಗದು. ಭಾರತದಲ್ಲಿ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆ ಈ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಅಂದಿನ ದಂಡಿನ ಪಾಳೆಯದಲ್ಲಿ ಇಂಥದೊಂದು ಮೊಹರು ಇದ್ದಿದ್ದರೆ, ಗವಾನನ ಉತ್ತರವನ್ನು ಸುಲ್ತಾನನು ಅಲ್ಲಿಯೇ ಪರೀಕ್ಷಿಸಿ ನೋಡಬಹುದಾಗಿತ್ತು.

ಇಂಥ ಬೀಗವನ್ನೂ ಮೊಹರನ್ನೂ ಮಾಡುವವರು ಯಾರು? ಬ್ಯಾಂಕಿನ ತಂತ್ರಾಂಶ ಬರೆಯುವ ಯುವಕ ತಾನೇ ಮಾಡುತ್ತಾನೆಂದು ಜನ ತಿಳಿಯಬಹುದು. ಅವನು ಮಾಡುವುದಿಲ್ಲ, ಮಾಡಬಾರದೆಂಬುದು ಆ ವೃತ್ತಿಯ ಮೊದಲ ಪಾಠ. ಅನ್ನ ಬೇಯಿಸಬಲ್ಲವರೆಲ್ಲ ಔಷಧ ಅರೆಯಲಾಗದಷ್ಟೆ. ನುರಿತವರು ಬರೆದು, ತಿದ್ದಿ, ಬಳಕೆಗೆ ಸಿದ್ಧಮಾಡಿಟ್ಟ ಗೂಢಲಿಪಿಯ ಲೆಕ್ಕಗಳ ಭಂಡಾರವಿರುತ್ತದೆ. ಅವನು ಅದರಿಂದ ಬೇಕಾದ್ದನ್ನು ತೆಗೆದುಕೊಂಡು ತನ್ನ ಕೆಲಸಕ್ಕೆ ಜೋಡಿಸುತ್ತಾನೆ. ಆ ವೃತ್ತಿಯವರು ಇದನ್ನು ಲೈಬ್ರರಿ ಎಂದೇ ಕರೆಯುತ್ತಾರೆ. ಗವಾನನ ಊರಿನವರಿಗೆ ಆ ಮಾತು ಹೊಸದಾಗಿ ಕೇಳಿಸಬೇಕಾಗಿಲ್ಲ. ಇವುಗಳಲ್ಲಿ ಹೆಸರಾದದ್ದು ೧೯೯೮ರಲ್ಲಿ ಆರಂಭವಾದ 'ಓಪನ್‌ಎಸ್‌ಎಸ್‌ಎಲ್'. ಇನ್ನೊಂದು ೨೦೧೩ರಲ್ಲಿ ಬಂದ 'ಲಿಬ್‌ಸೋಡಿಯಮ್'. ಅದರ ಮೂಲವಾದ ಲೈಬ್ರರಿಯ ಹೆಸರು ರಸಾಯನಶಾಸ್ತ್ರದಲ್ಲಿ ಅಡುಗೆ ಉಪ್ಪಿಗೆ ಇರುವ ಸಂಕೇತವೇ. ಆದ್ದರಿಂದ ಮರಿಗೆ ಸೋಡಿಯಮ್ ಎಂದು ನಾಮಕರಣವಾಯಿತು. ಉಪ್ಪಿನಂತೆ ಎಲ್ಲ ಅಡುಗೆಯಲ್ಲಿಯೂ ಇದ್ದು ಕಣ್ಣಿಗೆ ಕಾಣದ ವಸ್ತುವಿಗೆ ಈ ಹೆಸರು ಒಪ್ಪುವಂಥದೇ.

ಈ ಭಂಡಾರಗಳ ದೊಡ್ಡ ವಿಚಿತ್ರವೆಂದರೆ, ಜಗತ್ತಿನ ಗುಟ್ಟುಗಳನ್ನೆಲ್ಲ ಕಾಯುವ ಇವುಗಳಲ್ಲಿ ಸ್ವಂತದ ಗುಟ್ಟು ಏನೂ ಇಲ್ಲ. ಒಂದೊಂದು ಸಾಲೂ ಬಹಿರಂಗ. ಬೇಕಾದವರು ಕಾಸು ಕೊಡದೆ ಓದಬಹುದು, ಬಳಸಬಹುದು, ತಪ್ಪು ಕಂಡರೆ ತಿದ್ದಿ ಕಳುಹಿಸಬಹುದು. ಕಳ್ಳನೂ ಓದಬಹುದಲ್ಲವೆ, ಎಂದು ಗೃಹಿಣಿಯರು ಕೇಳುವುದು ನ್ಯಾಯ. ಇದಕ್ಕೆ ಉತ್ತರವನ್ನು ಪ್ಯಾರಿಸಿನಲ್ಲಿ ಭಾಷೆ ಕಲಿಸುತ್ತಿದ್ದ ಕೆರ್ಕ್‌ಹಾಫ್ಸ್ ಎಂಬ ಅಧ್ಯಾಪಕ ೧೮೮೩ರಲ್ಲಿಯೇ ಕೊಟ್ಟಿದ್ದಾನೆ. ಗೂಢಲಿಪಿಯ ವಿಧಾನ ಶತ್ರುವಿನ ಕೈಗೆ ಸಿಕ್ಕರೂ ಕೇಡಾಗಬಾರದು; ಗುಟ್ಟೆಲ್ಲ ಕೀಲಿಕೈಯೊಂದರಲ್ಲಿಯೇ ಇರಬೇಕು ಎಂಬುದು ಅವನ ಮತದ ಸಾರ. ಬೀಗದ ರಚನೆ ಗುಟ್ಟಾಗಿದ್ದರೆ ಮಾತ್ರ ಭದ್ರವೆನ್ನುವವನು, ತನ್ನ ಬೀಗ ದುರ್ಬಲವೆಂದು ತಾನೇ ಒಪ್ಪಿಕೊಂಡಂತಾಯಿತು.

ಅಮೆರಿಕೆಯ ಮಾನಕ ಸಂಸ್ಥೆ ೧೯೯೭ರಲ್ಲಿ ಹೊಸ ಗೂಢಲಿಪಿಗಾಗಿ ಜಗತ್ತಿಗೆಲ್ಲ ಆಹ್ವಾನ ಕೊಟ್ಟಾಗ ನಡೆದದ್ದು ಊರ ಜಾತ್ರೆಯ ಕುಸ್ತಿಯಂತೆಯೇ. ಹದಿನೈದು ಲಿಪಿಗಳು ಅಖಾಡಕ್ಕೆ ಇಳಿದುವು. ಎಲ್ಲರೂ ಎಲ್ಲರ ಲಿಪಿಯನ್ನೂ ಮುರಿಯಲು ಹೊರಟರು. ಐದು ಉಳಿದುವು, ಕಡೆಗೆ ಬೆಲ್ಜಿಯಮ್ಮಿನ ಇಬ್ಬರು ವಿದ್ವಾಂಸರ ರಚನೆ ಗೆದ್ದು ೨೦೦೧ರಲ್ಲಿ ಮಾನಕವಾಯಿತು. ಇಂದು ಫೋನುಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಇರುವ ಬೀಗ ಬಹುಮಟ್ಟಿಗೆ ಅದೇ. ಎಲ್ಲರ ಕಣ್ಣೆದುರು ಪೆಟ್ಟು ತಿಂದು ನಿಂತ ಪೈಲವಾನನನ್ನು ಜನ ನಂಬುವುದು ಸಹಜ. ಮನೆಯ ಕೋಣೆಯಲ್ಲಿ ಗೆದ್ದೆನೆಂದು ಹೇಳುವವನನ್ನು ಯಾರು ನಂಬುತ್ತಾರೆ?

ಗುಟ್ಟು ಎಂದರೆ ಅಡಗಿಸುವುದೇ ಎಂದು ಬಗೆಯುವವರಿಗೆ ಭಾಲ್ಕಿಯ ಕಥೆಯೊಂದು ನೆನಪಾಗಬಹುದು. ಬೀದರ್ ಜಿಲ್ಲೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲ. ಆಡಳಿತದ ಭಾಷೆ, ಶಾಲೆಯ ಭಾಷೆ ಉರ್ದು. ಕಮಲನಗರದಲ್ಲಿ ಜನಿಸಿ ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದ ಚನ್ನಬಸವ ಪಟ್ಟದ್ದೇವರು ಆಗ ಮಕ್ಕಳಿಗೆ ಕನ್ನಡ ಕಲಿಸಲು ಸಂಕಲ್ಪ ಮಾಡಿದರು. ಶಾಲೆಯ ಹೊರಗೆ ಉರ್ದು ಫಲಕ. ಒಳಗೆ ಕನ್ನಡ ಪಾಠ. ಈ ಸಂಗತಿಯನ್ನು ಆ ಸೀಮೆಯಲ್ಲಿ ಇಂದಿಗೂ ಕೃತಜ್ಞತೆಯಿಂದ ಹೇಳಿಕೊಳ್ಳುತ್ತಾರೆ. ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇದು ಬೀಗವಲ್ಲ, ಮರೆ. ಊರಿನಲ್ಲಿ ಯಾರಾದರೂ ಒಬ್ಬರು ಬಾಯಿಬಿಟ್ಟಿದ್ದರೆ ಫಲಕ ಯಾರನ್ನೂ ಕಾಪಾಡುತ್ತಿರಲಿಲ್ಲ. ಅಲ್ಲಿ ಕನ್ನಡವನ್ನು ಕಾಯ್ದದ್ದು ಫಲಕದ ಜಾಣ್ಮೆಗಿಂತ ಮಿಗಿಲಾಗಿ, ಒಬ್ಬರನ್ನೊಬ್ಬರು ಬಲ್ಲ ಜನರ ಒಮ್ಮನಸ್ಸು. ಒಬ್ಬರನ್ನೊಬ್ಬರು ಕಾಣದ ಕೋಟಿ ಕೋಟಿ ಜನ ವ್ಯವಹರಿಸುವ ಕಾಲಕ್ಕೆ ಮರೆ ಸಾಲದು. ಬೀಗವೇ ಬೇಕು, ಅದೂ ಎಲ್ಲರೂ ಪರೀಕ್ಷಿಸಿದ ಬೀಗವೇ ಆಗಬೇಕು.

ಆದರೂ ಭಾಲ್ಕಿಯ ಆ ಫಲಕಕ್ಕೆ ಸಾಗರದಾಚೆ ಒಬ್ಬ ಬಂಧುವಿದ್ದಾನೆ. ಅಮೆರಿಕೆಯ ಫಿಲ್ ಜಿಮ್ಮರ್‌ಮನ್ ೧೯೯೧ರಲ್ಲಿ ಸಾಮಾನ್ಯರ ಪತ್ರಗಳನ್ನು ಕಾಯುವ ಗೂಢಲಿಪಿಯ ತಂತ್ರಾಂಶವೊಂದನ್ನು ಬರೆದು ಪುಕ್ಕಟೆಯಾಗಿ ಹಂಚಿದನು. ಗೂಢಲಿಪಿ ಆ ದೇಶದ ಕಾನೂನಿನಲ್ಲಿ ಆಗ ಮದ್ದುಗುಂಡುಗಳ ಸಾಲಿಗೆ ಸೇರಿದ ವಸ್ತು; ಅಪ್ಪಣೆಯಿಲ್ಲದೆ ಗಡಿ ದಾಟಿಸುವಂತಿಲ್ಲ. ಅವನ ಮೇಲೆ ತನಿಖೆ ಮೊದಲಾಗಿ ವರ್ಷಗಟ್ಟಲೆ ನಡೆದು ೧೯೯೬ರಲ್ಲಿ ಮುಗಿಯಿತು. ಅಷ್ಟರಲ್ಲಿ ೧೯೯೫ರಲ್ಲಿ ಆ ತಂತ್ರಾಂಶವನ್ನು ಸಾಲು ಬಿಡದೆ ಮುದ್ರಿಸಿ ಪುಸ್ತಕವಾಗಿ ಪ್ರಕಟಿಸಿದರು. ಪುಸ್ತಕವನ್ನು ತಡೆಯುವ ಕಾನೂನು ಆ ದೇಶದಲ್ಲಿಲ್ಲ! ಎರಡು ವರ್ಷದ ಮೇಲೆ ಮುಂದಿನ ಆವೃತ್ತಿಯ ಪುಟಗಳು ಹಾಗೆಯೇ ಕಡಲು ದಾಟಿ, ಯೂರೋಪಿನಲ್ಲಿ ಸ್ವಯಂಸೇವಕರ ಕೈಯಿಂದ ಮತ್ತೆ ಗಣಕಯಂತ್ರವನ್ನು ಸೇರಿದುವು. ಅಕ್ಷರಕ್ಕೆ ಬೇಲಿ ಹಾಕಿದಾಗಲೆಲ್ಲ ಅದು ಹೊಸದೊಂದು ವೇಷ ಧರಿಸಿ ಹೊರಟುಬಿಡುತ್ತದೆ.

ಇಷ್ಟು ಹೇಳಿದ ಮೇಲೆ ಬಹಿರಂಗವಾದದ್ದೆಲ್ಲ ಭದ್ರವೆಂದು ಓದುಗರು ನಿಶ್ಚಿಂತರಾಗಬಾರದು. ೨೦೧೪ರ ಏಪ್ರಿಲ್ ೭ರಂದು ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಎರಡು ವರ್ಷದಿಂದ ಅಡಗಿದ್ದ ಲೋಪವೊಂದು ಬಯಲಾಯಿತು. ಅದರ ಬಗೆಯನ್ನು ಕೇಳಿದರೆ ನಗು ಬರುತ್ತದೆ. ಎರಡು ಯಂತ್ರಗಳು ಮಾತನಾಡುತ್ತಿರುವಾಗ, ನಡುವೆ ಒಂದು ಇನ್ನೊಂದನ್ನು ಎಚ್ಚರವಾಗಿರುವೆಯಾ ಎಂದು ವಿಚಾರಿಸುವ ಪದ್ಧತಿಯುಂಟು: 'ಎಚ್ಚರವಾಗಿದ್ದರೆ ಹೂವು ಎಂಬ ಎರಡಕ್ಷರದ ಪದವನ್ನು ನನಗೆ ಮರಳಿ ಹೇಳು.' ಕಪಟಿಯೊಬ್ಬನು 'ಹೂವು ಎಂಬ ಐನೂರು ಅಕ್ಷರದ ಪದವನ್ನು ಹೇಳು' ಎಂದು ಕೇಳಿದರೆ, ಭೋಳೆಯ ಯಂತ್ರ ಎಣಿಸಿ ನೋಡದೆ, ಹೂವು ಎಂದು ಮೊದಲುಮಾಡಿ, ಮಿಕ್ಕದ್ದನ್ನು ತುಂಬಿಸಲು ತನ್ನ ನೆನಪಿನಲ್ಲಿ ಪಕ್ಕದಲ್ಲಿದ್ದುದನ್ನೆಲ್ಲ ಒದರಿಬಿಡುತ್ತಿತ್ತು. ಆ ಒದರಾಟದಲ್ಲಿ ಇತರರ ಗುಪ್ತಪದಗಳೂ, ಒಮ್ಮೊಮ್ಮೆ ಗುಟ್ಟಿನ ಕೀಲಿಕೈಯೂ ಬಂದುಬಿಡಬಹುದಾಗಿತ್ತು. ಜಗತ್ತಿನ ಭದ್ರವೆನಿಸಿದ ಜಾಲತಾಣಗಳಲ್ಲಿ ಸುಮಾರು ಐದು ಲಕ್ಷ ಈ ಲೋಪಕ್ಕೆ ತೆರೆದುಕೊಂಡಿದ್ದುವೆಂದು ಅಂದಾಜು ಮಾಡಿದರು. ನಗು ಅಲ್ಲಿಗೆ ನಿಂತಿತು.

ಜನಕ್ಕೆ ಇನ್ನೂ ಆಶ್ಚರ್ಯವಾದದ್ದು ಆಮೇಲೆ ತಿಳಿದ ವಿಷಯದಿಂದ. ಪ್ರಪಂಚದ ಅರ್ಧಕ್ಕರ್ಧ ವ್ಯವಹಾರ ನಂಬಿದ್ದ ಆ ಲೈಬ್ರರಿಗೆ ಪೂರ್ಣಕಾಲ ದುಡಿಯುತ್ತಿದ್ದವನು ಒಬ್ಬನೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಎರಡು ಸಾವಿರ ಡಾಲರಿನ ಆಸುಪಾಸು. ಪ್ರತಿಯೊಬ್ಬರೂ ಓದಬಹುದಾಗಿತ್ತು, ಆದ್ದರಿಂದ ಯಾರಾದರೂ ಓದಿರುತ್ತಾರೆಂದು ಪ್ರತಿಯೊಬ್ಬರೂ ತಿಳಿದಿದ್ದರು. ಸಾರ್ವಜನಿಕ ಬಾವಿಯಲ್ಲಿ ಸತ್ತ ಬೆಕ್ಕು ತೇಲುತ್ತಿದ್ದರೂ ಯಾರಾದರೂ ತೆಗೆಯುತ್ತಾರೆಂದು ಕೊಡ ತುಂಬಿಕೊಂಡು ಹೋಗುವ ಜನರ ಸ್ವಭಾವವೇ ಇಲ್ಲಿಯೂ.

ಬೀದರಿನವರಿಗೆ ಈ ಮಾತು ಇನ್ನೂ ಹತ್ತಿರದ ಉದಾಹರಣೆಯಿಂದ ಅರ್ಥವಾದೀತು. ನಗರದ ಮಗ್ಗುಲಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕಾರೇಜ್ ಇದೆ. ಜನ ಅದನ್ನು ಸುರಂಗಬಾವಿ ಎನ್ನುತ್ತಾರೆ. ಕೆಂಪು ಮುರಕಲ್ಲನ್ನು ಕೊರೆದು ನೆಲದ ಅಡಿಯಲ್ಲಿಯೇ ನೀರು ಹರಿಸುವ ಪರ್ಷಿಯನ್ ವಿದ್ಯೆ ಅದು. ನಡುನಡುವೆ ಬೆಳಕಿಗೂ ಗಾಳಿಗೂ, ಇಳಿದು ಹೂಳೆತ್ತುವುದಕ್ಕೂ ಬಾವಿಯಂಥ ಕಂಡಿಗಳು. ಮೇಲೆ ನಡೆಯುವವನ ಕಣ್ಣಿಗೆ ಏನೂ ಕಾಣದು; ನೀರು ಮಾತ್ರ ತನ್ನ ಪಾಡಿಗೆ ಬರುತ್ತಿರುತ್ತದೆ. ಕಾಣದ್ದನ್ನು ಜನ ಮರೆತರು. ಕಂಡಿಗಳಲ್ಲಿ ಕಸ ಬಿದ್ದಿತು, ಸುರಂಗ ಹೂಳಿನಿಂದ ತುಂಬಿತು. ೨೦೧೦ರ ದಶಕದಲ್ಲಿ ಅದನ್ನು ಮತ್ತೆ ಗುರುತಿಸಿ ಹೂಳೆತ್ತಿದಾಗ, ತಮ್ಮ ಕಾಲ ಕೆಳಗೆ ಇಂಥದೊಂದು ಇತ್ತೇ ಎಂದು ಬೆರಗಾದವರು ಎಷ್ಟೋ ಮಂದಿ. ಗೂಢಲಿಪಿಯ ಲೈಬ್ರರಿಯೂ ಇಂಥ ಸುರಂಗಬಾವಿಯೇ. ಕಟ್ಟಿದವನ ಪುಣ್ಯ ಒಂದು ತಲೆಮಾರಿಗೆ ಸಾಕು; ಆಮೇಲೆ ನೀರು ಹರಿಯಬೇಕಾದರೆ ಇಳಿದು ಹೂಳೆತ್ತುವವರು ಬೇಕು. ೨೦೧೪ರ ಪೆಟ್ಟಿನ ಮೇಲೆ ದೊಡ್ಡ ಕಂಪನಿಗಳು ನಾಚಿ ಹಣ ಕೂಡಿಸಿದುವು; ಓಪನ್‌ಎಸ್‌ಎಸ್‌ಎಲ್‌ಗೆ ಹೆಚ್ಚು ಕೈಗಳು ದೊರೆತುವು.

ಹೂಳೆತ್ತಲು ಬಂದವನೇ ವಿಷ ಬೆರೆಸಿದರೆ? ಹಾಗೂ ಆಗಿದೆ. ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಜೆಡ್' ಎಂಬ ಚಿಕ್ಕದೊಂದು ಲೈಬ್ರರಿಯನ್ನು ದಣಿದ ಒಬ್ಬನೇ ನೋಡಿಕೊಳ್ಳುತ್ತಿದ್ದನು. ಅಪರಿಚಿತನೊಬ್ಬ ಬಂದು, ಎರಡು ವರ್ಷಕ್ಕೂ ಮಿಕ್ಕಿ ವಿನಯದಿಂದ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಗುಟ್ಟಾಗಿ ಒಂದು ಕಳ್ಳಬಾಗಿಲನ್ನು ಇಟ್ಟನು. ದೂರದ ಯಂತ್ರಗಳಿಗೆ ಭದ್ರವಾಗಿ ಪ್ರವೇಶಿಸುವ ಬೀಗವನ್ನೇ ಅದು ತೆರೆಯಬಲ್ಲದಾಗಿತ್ತು. ೨೦೨೪ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರಿಗೆ, ತನ್ನ ಯಂತ್ರ ಪ್ರವೇಶಕ್ಕೆ ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತಿದೆಯೆಂದು ಅನುಮ��ನ ಬಂದಿತು. ಆ ಅರ್ಧ ಸೆಕೆಂಡಿನ ಬೆನ್ನು ಹತ್ತಿ ಹೋಗಿ ಕಳ್ಳಬಾಗಿಲನ್ನು ಕಂಡುಹಿಡಿದನು. ಮೂಲವೆಲ್ಲ ಬಹಿರಂಗವಾಗಿದ್ದುದರಿಂದಲೇ ಅವನು ಕೊನೆಯವರೆಗೆ ಹುಡುಕಿಕೊಂಡು ಹೋಗಲು ಸಾಧ್ಯವಾಯಿತು. ಮೊಹರಿನ ಸೇವಕನಿಗೆ ಕುಡಿಸಿದವರು ಐನೂರು ವರ್ಷವಾದರೂ ತಮ್ಮ ವಿದ್ಯೆಯನ್ನು ಮರೆತಿಲ್ಲ. ಬಾಟಲಿಯ ಬದಲು ಸೌಜನ್ಯವನ್ನು ಹಿಡಿದು ಬರುತ್ತಾರೆ, ಅಷ್ಟೆ.

ಇಷ್ಟೆಲ್ಲ ಕೇಳಿದ ಮೇಲೆ ಔರಾದಿನ ಹಳ್ಳಿಯ ಒಬ್ಬ ರೈತ ಏನೆನ್ನಬಹುದು? ಔರಾದ್ ರಾಜ್ಯದ ತುತ್ತತುದಿಯ ತಾಲ್ಲೂಕು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ನಿಜಾಮನ ಕಾಲದಲ್ಲಿ ಅಲ್ಲಿ ಹೊಲದ ದಾಖಲೆ ಉರ್ದುವಿನಲ್ಲಿ. ಹೊಲ ಊಳುವವನ ಮಾತು ಕನ್ನಡ, ಇಲ್ಲವೆ ಮರಾಠಿ, ಇಲ್ಲವೆ ತೆಲುಗು. ಪಟವಾರಿ ಓದಿ ಹೇಳಿದ್ದೇ ವೇದ. ೧೯೫೬ರಲ್ಲಿ ಜಿಲ್ಲೆ ಕನ್ನಡ ನಾಡಿಗೆ ಸೇರಿತು. ೨೦೦೦ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು, ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ಈಗ ಪಹಣಿ ಅಂತರ್ಜಾಲದ ಮೂಲಕವೇ ಮನೆಗೆ ಬರುತ್ತದೆ. ಕಾಲೇಜಿನಿಂದ ಬಂದ ಮೊಮ್ಮಗ ಫೋನನ್ನು ಅಜ್ಜನ ಮುಂದೆ ಹಿಡಿದು, "ಮುತ್ಯಾ, ನೋಡು, ಹೊಲ ನಿನ್ನ ಹೆಸರಿಗೇ ಅದ," ಎಂದರೆ, ಮುತ್ಯಾ ಕಣ್ಣು ಕಿರಿದು ಮಾಡಿ, "ಹೌದೇನಪಾ? ನಮ್ಮಪ್ಪಗೂ ಪಟವಾರಿ ಹಿಂಗೇ ಹೇಳ್ತಿದ್ದ," ಎಂದಾನು.

ಆ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಓದಲು ಬಾರದ ಲಿಪಿಯೊಂದು ಹೋಗಿ ಓದಲು ಬಾರದ ಇನ್ನೊಂದು ಲಿಪಿ ಬಂದಿತು. ಅಂದಿನದು ಉರ್ದು, ಇಂದಿನದು ಆರುನೂರು ಅಂಕಿಗಳ ಗಣಿತ. ಹಾಗಾದರೆ ಏನು ಬದಲಾಯಿತು? ಬದಲಾದದ್ದು ಇಷ್ಟು. ಪಟವಾರಿಯ ದಫ್ತರಕ್ಕೆ ಓದುಗನು ಪಟವಾರಿ ಒಬ್ಬನೇ. ಬಹಿರಂಗ ಲೈಬ್ರರಿಯಿಂದ ಹುಟ್ಟಿದ ಮೊಹರನ್ನು ಮೊಮ್ಮಗನೂ ಪರೀಕ್ಷಿಸಬಹುದು. ಅವನು ತಪ್ಪಿದರೆ ಅವನ ಗೆಳೆಯ, ಅವನೂ ತಪ್ಪಿದರೆ ಫಿನ್‌ಲೆಂಡಿನ ಯಾವನೋ ಹುಡುಗ. ಬೀದರಿನಲ್ಲಿಯೂ ಭಾಲ್ಕಿಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಯ ವಿದ್ಯಾರ್ಥಿ ಜಗತ್ತಿನ ದೊಡ್ಡ ಬ್ಯಾಂಕು ನಂಬಿರುವ ಬೀಗವನ್ನೇ ಬಿಚ್ಚಿ, ಸಾಲುಸಾಲಾಗಿ ಓದಬಹುದು. ಶುಲ್ಕವಿಲ್ಲ, ಶಿಫಾರಸು ಬೇಕಿಲ್ಲ, ಬಾಗಿಲಲ್ಲಿ ಜವಾನನಿಲ್ಲ. ಆದರೆ ಓದಬಹುದು ಎಂಬುದಕ್ಕೂ ಓದಿದರು ಎಂಬುದಕ್ಕೂ ನಡುವೆ ಎಷ್ಟು ಅಂತರವಿದೆಯೆಂಬುದನ್ನು ೨೦೧೪ ತೋರಿಸಿಕೊಟ್ಟಿತು. ಮೊಮ್ಮಗ ಓದಿದರೆ ಮುತ್ಯಾನ ಸಂಶಯಕ್ಕೆ ಉತ್ತರ ದೊರೆಯಿತು. ಓದದೆ ಹೋದರೆ ಅವನೂ ಹೊಸ ಪಟವಾರಿಯ ಮಾತನ್ನು ಒಪ್ಪಿಸಿದಂತೆಯೇ.

ಇನ್ನು ಉಳಿದದ್ದು ಎರಡನೆಯ ದೋಷ, ಮೊಹರನ್ನು ಕಾಯುವವನದು. ಹಿಂದೆ ಮೊಹರು ಮಂತ್ರಿಗಳ ಬಳಿ ಮಾತ್ರ ಇತ್ತು. ಅದನ್ನು ಕಾಯಲು ಸೇವಕರಿದ್ದರು. ಈಗ ಪ್ರತಿ ಮನೆಯಲ್ಲಿಯೂ ಇದೆ, ಜೇಬಿನಲ್ಲಿಯೋ ದಿಂಬಿನ ಕೆಳಗೋ, ಕಾಯುವವರು ಮನೆಯವರೇ. ಸಂಜೆಯ ಹೊತ್ತು ಫೋನು ಮಾಡಿ, ತಾನು ಬ್ಯಾಂಕಿನವನೆಂದು ಹೇಳಿ, ಬಂದ ಆರಂಕಿಯ ಸಂಖ್ಯೆಯನ್ನು ಓದಿ ಹೇಳಿರೆಂದು ನಯವಾಗಿ ಬೇಡುವವನು ಕೇಳುತ್ತಿರುವುದು ಖಾಲಿ ಕಾಗದದ ಮೇಲೆ ಒಂದೇ ಒಂದು ಒತ್ತನ್ನು. ಪುಟಗಟ್ಟಲೆ ಷರತ್ತುಗಳನ್ನು ಓದದೆ 'ಒಪ್ಪಿದೆ' ಎಂಬ ಗುಂಡಿಯನ್ನು ಅದುಮುವ ಗೃಹಸ್ಥನೂ ಅದನ್ನೇ ಮಾಡುತ್ತಿರುತ್ತಾನೆ. ಗಣಿತಜ್ಞರು ಇನ್ನೂ ಬಲವಾದ ಬೀಗಗಳನ್ನು ಮಾಡುತ್ತಲೇ ಇದ್ದಾರೆ. ಮುಂದೆ ಬರಲಿರುವ ಕ್ವಾಂಟಮ್ ಗಣಕಯಂತ್ರಗಳು ಆರುನೂರು ಅಂಕಿಯ ಬೆಟ್ಟವನ್ನೂ ಹತ್ತಿಯಾವೆಂಬ ಶಂಕೆಯಿಂದ ೨೦೨೪ರ ಆಗಸ್ಟಿನಲ್ಲಿ ಹೊಸ ಮಾನಕಗಳು ಹೊರಬಂದುವು; ಬಹಿರಂಗ ಲೈಬ್ರರಿಗಳು ಅವನ್ನು ಅಳವಡಿಸಿಕೊಳ್ಳುತ್ತಲಿವೆ. ಅವರ ಕೆಲಸ ಅವರು ಮಾಡುತ್ತಾರೆ. ಒತ್ತುವ ಮೊದಲು ಹಾಳೆಯನ್ನು ಬಿಡಿಸಿ ನೋಡುವ ಕೆಲಸವನ್ನು ಮಾತ್ರ ಯಾವ ಲೈಬ್ರರಿಯೂ ವಹಿಸಿಕೊಳ್ಳಲಾರದು.